ಒಂದ್ನಿಮಿಷ ನೋಡ್ಕೊಳ್ತೀರಾ

ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದ ಅವಳನ್ನು ಕಂಡು ಕಾಫಿ ಅಂಗಡಿಯ ಕೌಂಟರಿನಾಕೆ, "ಏನ್ ಮೇಡಂ, ಮನೇಲಿ ಕರೆಂಟ್ ಇಲ್ವಾ?" ಎಂದು ಕೇಳಿದಳು. ಅವಳು ಸುಮ್ಮನೆ ನಕ್ಕಳು. ಮನೆಯಲ್ಲಿ ಕರೆಂಟಿತ್ತು. ಕರೆಂಟು, ನೀರು, ಕಿಟಕಿಯ ಪಕ್ಕ ಒಂದು ಒಳ್ಳೆಯ ಮೇಜು, ಎಲ್ಲವೂ ಇತ್ತು. ಮಾತಾಡುವವರು ಇರಲಿಲ್ಲ, ಅಷ್ಟೆ. ಒಳಗೆ ಹೋಗಿ ಗೋಡೆಯ ಪ್ಲಗ್ಗಿನ ಪಕ್ಕದ ತನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪಕ್ಕದ ಮೇಜಿನ ಖಾಲಿ ಕುರ್ಚಿಯನ್ನು ನೋಡಬಾರದೆಂದುಕೊಂಡು ನೋಡಿದಳು. ಮಂಗಳವಾರ ಖಾಲಿ, ಬುಧವಾರ ಖಾಲಿ, ನಿನ್ನೆಯೂ ಖಾಲಿ. ನಾಲ್ಕು ದಿನದಿಂದ ಅವಳು ಒಂದೇ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಸೋಮವಾರ ನಾನು ಇಲ್ಲಿರಲಿಲ್ಲ. ಮೂರೇ ಮೂರು ಪದ. ಹಲ್ಲುಜ್ಜುವಾಗ ಸಲೀಸಾಗಿ ಬರುತ್ತಿತ್ತು, ಬಸ್ಸಿನಲ್ಲಿ ಬರುತ್ತಿತ್ತು, ಈ ಅಂಗಡಿಯ ಮೆಟ್ಟಿಲು ಹತ್ತುವವರೆಗೂ ಬರುತ್ತಿತ್ತು. ಕೇಳಬೇಕಾದವರು ಮಾತ್ರ ಬರುತ್ತಿರಲಿಲ್ಲ. ಬರದಿದ್ದುದರಿಂದ ಒಳಗೊಳಗೇ ಒಂದಿಷ್ಟು ಹಾಯೆನಿಸುತ್ತಿತ್ತು ಎಂಬುದನ್ನೂ ಅವಳು ಬಲ್ಲಳು. ಹಾಗೆನಿಸಿದಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಅವಳ ಕೆಲಸ ಕೇಳುವುದು. ಫ್ರಿಜ್ಜು, ಬಟ್ಟೆ ಒಗೆಯುವ ಮೆಷಿನ್ನು ಮಾರುವ ಕಂಪನಿಯೊಂದಕ್ಕೆ ದೂರು ಹೇಳಲು ಜನ ಫೋನ್ ಮಾಡುತ್ತಾರಲ್ಲ, ಆ ಮಾತುಕತೆಗಳೆಲ್ಲ ರೆಕಾರ್ಡಾಗಿ ಅವಳಿಗೆ ಬರುತ್ತವೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಫೋನೆತ್ತಿದವರು ಸರಿಯಾಗಿ ಮಾತಾಡಿದರೋ ಇಲ್ಲವೋ ಎಂದು ಅಂಕ ಹಾಕಬೇಕು. ಮೊದಲ ಇಪ್ಪತ್ತು ಸೆಕೆಂಡಿನೊಳಗೆ ಕ್ಷಮಿಸಿ ಎನ್ನದಿದ್ದರೆ ಎರಡಂಕ ಕಡಿಮೆ. ಗಿರಾಕಿ ಪ್ರಶ್ನೆ ಕೇಳಿದ ಮೇಲೆ ಆರು ಸೆಕೆಂಡಿಗಿಂತ ಹೆಚ್ಚು ಹೊತ್ತು ಮೌನವಾಗಿದ್ದರೆ ಮೂರಂಕ ಕಡಿಮೆ. ಸುಳ್ಳು ಹೇಳಿದರೆ ಅಂಕವೇ ಇಲ್ಲ, ಸೊನ್ನೆ. "ನಿಮ್ಮ ವಿವರಾನೇ ನೋಡ್ತಿದೀನಿ ಸಾರ್" ಎನ್ನುವವರು ನೋಡುತ್ತಿದ್ದಾರೋ ಉಗುರು ಕಚ್ಚುತ್ತ ಕೂತಿದ್ದಾರೋ ಎಂಬುದು ಕೀಬೋರ್ಡಿನ ಸದ್ದಿನಿಂದ ತಿಳಿಯುತ್ತದೆ; ಹನ್ನೆರಡು ವರ್ಷ ಕೇಳಿದ ಮೇಲೆ ಅವಳಿಗೆ ಆ ಸದ್ದೂ ಬೇಕಿರಲಿಲ್ಲ, ಉಸಿರಿನಲ್ಲೇ ತಿಳಿಯುತ್ತಿತ್ತು. ಅದೆಷ್ಟು ಜನರಿಗೆ ಸೊನ್ನೆ ಹಾಕಿದ್ದಾಳೋ ದೇವರಿಗೇ ಗೊತ್ತು. ಅವರ್ಯಾರ ಮುಖವನ್ನೂ ಅವಳು ನೋಡಿದವಳಲ್ಲ.

ಎರಡು ವರ್ಷದ ಹಿಂದೆ ಆಫೀಸಿನವರು ಇಡೀ ಮಹಡಿಯನ್ನೇ ಖಾಲಿ ಮಾಡಿ, ಎಲ್ಲರ ಕೈಗೂ ಒಂದೊಂದು ಲ್ಯಾಪ್‌ಟಾಪ್ ಕೊಟ್ಟು, "ಇನ್ಮೇಲೆ ನಿಮ್ಮನೇನೇ ಆಫೀಸು" ಎಂದು ಉಡುಗೊರೆ ಕೊಟ್ಟವರ ಹಾಗೆ ಹಲ್ಲು ಕಿರಿದಿದ್ದರು. ಮಕ್ಕಳು ಮರಿ ಇದ್ದವರಿಗೆ ಅದು ಉಡುಗೊರೆಯೇ. ಅವಳು ಮೊದಲ ತಿಂಗಳು ಬೆಳಿಗ್ಗೆ ಒಂಬತ್ತಕ್ಕೆ ತಲೆ ಬಾಚಿ, ಆಫೀಸಿಗೆ ಉಡುವ ಸೀರೆಯನ್ನೇ ಉಟ್ಟು, ಮಂಚದಿಂದ ನಾಲ್ಕು ಹೆಜ್ಜೆ ದೂರದ ಮೇಜಿಗೆ ಹೋಗಿ ಕೂತಳು. ಒಂದು ಸಂಜೆ ಕೆಳಗಿಳಿದು ತರಕಾರಿಯವನಿಗೆ ಅರ್ಧ ಕಿಲೋ ಎನ್ನಲು ಬಾಯಿ ತೆರೆದರೆ ಗಂಟಲಿನಿಂದ ಹೊರಟದ್ದು ಬರೀ ಗಾಳಿ. ಬೆಳಗಿನಿಂದ ಎಂಟು ಗಂಟೆ ಹೊತ್ತು ಜನರ ಬೈಗುಳ, ಅಳು, ಕ್ಷಮಾಪಣೆ ಎಲ್ಲವನ್ನೂ ಕಿವಿಯಲ್ಲಿ ತುಂಬಿಸಿಕೊಂಡಿದ್ದವಳು ತಾನೊಂದು ಮಾತೂ ಆಡಿರಲಿಲ್ಲ. ಹೆದರಿ ಮಾರನೆಯ ದಿನ ಲ್ಯಾಪ್‌ಟಾಪನ್ನು ಬಗಲಿಗೇರಿಸಿಕೊಂಡು ಹೊರಬಿದ್ದಳು. ಲೈಬ್ರರಿಯಲ್ಲಿ ಕೂತರೆ ಕೀಬೋರ್ಡ್ ಸದ್ದಿಗೂ ಶ್ ಎನ್ನುತ್ತಿದ್ದರು. ರೈಲು ನಿಲ್ದಾಣದಲ್ಲಿ ಕೂತರೆ ಯಾವ ರೈಲು ಎಷ್ಟು ತಡ ಎಂದು ಕೇಳುವುದರಲ್ಲೇ ದಿನ ಹೋಗುತ್ತಿತ್ತು. ಆಸ್ಪತ್ರೆಯ ಕ್ಯಾಂಟೀನು ಚೆನ್ನಾಗಿತ್ತು, ಆದರೆ ಎದುರು ಕೂತವರು "ನಿಮ್ಮೋರು ಯಾರು ಅಡ್ಮಿಟ್ ಆಗಿರೋದು?" ಎಂದು ಕೇಳಿಬಿಟ್ಟರು, ಯಾರೂ ಇಲ್ಲವೆನ್ನಲು ನಾಚಿಕೆಯಾಗಿ, ಇಲ್ಲದ ಭಾವನೊಬ್ಬನನ್ನು ಮೂರನೆಯ ಮಹಡಿಯಲ್ಲಿ ಮಲಗಿಸಿದಳು. ಭಾವ ತಿಂಗಳುಗಟ್ಟಲೆ ಮಲಗಿದ. ಕ್ಯಾಂಟೀನಿನವರೆಲ್ಲ ದಿನಾ ಭಾವನ ಜ್ವರ ವಿಚಾರಿಸುವವರೇ. ಕೊನೆಗೆ ಅವನನ್ನು ಗುಣಪಡಿಸಿ ಮನೆಗೆ ಕಳಿಸಿದಳು, ತಾನೂ ಅಲ್ಲಿಗೆ ಹೋಗುವುದನ್ನು ಬಿಡಬೇಕಾಯಿತು. ಅಲ್ಲಿಂದ ಈ ಕಾಫಿ ಅಂಗಡಿ. ಇಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಎರಡು ಕಾಫಿ, ಒಂದು ಬನ್ನು ತೆಗೆದುಕೊಂಡರೆ ಸಂಜೆಯವರೆಗೂ ಕೂರಬಹುದು.

ಏನನ್ನೂ ಕೇಳದ ಈ ಜಾಗದಲ್ಲಿ ಒಂದು ದಿನ ಪಕ್ಕದ ಮೇಜಿನವರು ಎದ್ದು ನಿಂತು, "ಒಂದ್ನಿಮಿಷ ನೋಡ್ಕೊಳ್ತೀರಾ?" ಎಂದು ಕೇಳಿದ್ದರು. ಬೂದು ಸ್ವೆಟರು ಹಾಕಿಕೊಂಡವರು, ಐವತ್ತು ದಾಟಿದವರು. ಅವರ ಕುರ್ಚಿಯ ನೆತ್ತಿಯ ಮೇಲೇ ಏಸಿ ಇದ್ದುದರಿಂದ ಸುಡು ಬೇಸಿಗೆಯಲ್ಲೂ ಆ ಸ್ವೆಟರು ತಪ್ಪುತ್ತಿರಲಿಲ್ಲ, ಹಾಗಾಗಿ ಅವಳು ಮನಸ್ಸಿನಲ್ಲೇ ಅವರಿಗೆ ಸ್ವೆಟರಿನವರು ಎಂದು ಹೆಸರಿಟ್ಟಿದ್ದಳು. ಅವರು ಟಾಯ್ಲೆಟ್ಟಿಗೆ ಹೋಗಿ ಬರುವವರೆಗೆ ಅವರ ಲ್ಯಾಪ್‌ಟಾಪನ್ನು ನೋಡಿಕೊಳ್ಳಬೇಕಿತ್ತು, ಅಷ್ಟೇ. ಇಂಥ ಕಡೆ ಕೂತು ಕೆಲಸ ಮಾಡುವವರಿಗೆಲ್ಲ ಇದು ಮಾಮೂಲು. ಊರು ಹೆಸರು ಗೊತ್ತಿಲ್ಲದವರ ಕೈಗೆ ತಮ್ಮ ಹೊಟ್ಟೆಪಾಡನ್ನೇ ಒಪ್ಪಿಸಿ ಎದ್ದು ಹೋಗುತ್ತಾರೆ. ಅವಳಿಗೆ ಮಾತ್ರ ಅದು ಮಾಮೂಲಾಗಿರಲಿಲ್ಲ. ಅವಳು ಇಯರ್‌ಫೋನ್ ಕಿತ್ತಿಟ್ಟು, ನೆಟ್ಟಗೆ ಕೂತು, ಆ ಲ್ಯಾಪ್‌ಟಾಪನ್ನು ನಿಜವಾಗಿಯೂ ನೋಡಿಕೊಂಡಳು. ಆಮೇಲೆ ಅವಳೂ ಹಾಗೆಯೇ ಕೇಳಿ ಎದ್ದು ಹೋದಳು. ಎಂಟು ತಿಂಗಳಲ್ಲಿ ದಿನಕ್ಕೆ ಎರಡು ಸಲ ಅವರು, ಎರಡು ಸಲ ಇವಳು. ಕಟ್ಟಡಗಳೊಳಗೆ ನೀರಿನ ಪೈಪು ಎಲ್ಲೆಲ್ಲಿ ಹಾಯಬೇಕೆಂದು ನಕ್ಷೆ ಬರೆಯುವವರು ಅವರು, ಮದುವೆಯಾಗದ ಅಕ್ಕನ ಜೊತೆ ಇರುವವರು, ಅಕ್ಕನೆಂದರೆ ಹೆದರುವವರು, ಇಷ್ಟು ತಿಳಿದದ್ದೂ ಅವರ ಫೋನ್ ಮಾತು ಕಿವಿಗೆ ಬಿದ್ದು. ಹೆಸರು ಕೇಳಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ಏಳುವಾಗ, ಇವತ್ತು ಎರಡು ಸಲವಾದರೂ ಒಬ್ಬರು ನನ್ನ ಕಡೆ ತಿರುಗಿ ಕೇಳುತ್ತಾರೆ, ನಾನು ಹೂಂ ಎನ್ನುತ್ತೇನೆ ಎಂಬುದೇ ಅವಳಿಗೆ ಸಾಕಾಗುತ್ತಿತ್ತು. ನಲವತ್ತೊಂಬತ್ತು ವರ್ಷದ ಹೆಂಗಸಿಗೆ ಇಷ್ಟೇ ಸಾಕೇ ಎಂದು ಯಾರಾದರೂ ನಗಬಹುದು. ನಗಲಿ.

ಸೋಮವಾರ ಮಧ್ಯಾಹ್ನ ಅವರು ಫೋನ್ ಹಿಡಿದು ಎದ್ದು, "ಕ್ಲೈಂಟು ಮೇಡಂ, ಸ್ವಲ್ಪ ಹೊತ್ತಾಗ್ಬಹುದು, ನೋಡ್ಕೊಳ್ತೀರಾ?" ಎಂದು ಹಿಂಬಾಗಿಲಿನಿಂದ ಅಂಗಳಕ್ಕೆ ಹೋಗಿದ್ದರು. ಮೇಜಿನ ಮೇಲೆ ಲ್ಯಾಪ್‌ಟಾಪು, ಕುರ್ಚಿಯ ಬೆನ್ನಿಗೆ ಅವರ ಕಂದು ಬಟ್ಟೆಯ ಚೀಲ. ಆ ಚೀಲದಲ್ಲಿ ಅವರು ಕಟ್ಟಡಗಳಿಗೆ ಹೋಗಿ ಟೇಪು ಹಿಡಿದು ಬರೆದುಕೊಂಡು ಬಂದ ಅಳತೆಗಳ ಪುಸ್ತಕವಿರುತ್ತಿತ್ತು. ನಕ್ಷೆ ಬರೆಯುವಾಗ ತೆರೆದಿಟ್ಟುಕೊಂಡು ಕನ್ನಡಕ ಮೇಲೇರಿಸಿ ನೋಡುತ್ತಿದ್ದುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಕಾವಲಿಗೆ ಕೂತು ಕಿಟಕಿಯಾಚೆ ಕಣ್ಣು ಹೊರಳಿಸಿದವಳಿಗೆ ಎದುರಿನ ಫುಟ್‌ಪಾತಿನಲ್ಲಿ ಆಫೀಸಿನ ಗೆಳತಿ ಕಂಡಳು. ಹತ್ತು ವರ್ಷ ಒಂದೇ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಹಂಚಿಕೊಂಡು ತಿಂದವಳು. ಯಾವಾಗ ಎದ್ದಳೋ, ಬಾಗಿಲು ಯಾವಾಗ ದಾಟಿದಳೋ, ನೆನಪಿರುವುದು ಬಸ್ಸೊಂದು ಅಡ್ಡ ಬಂದು ನಿಂತದ್ದು, ಅದು ಹೋಗುವಷ್ಟರಲ್ಲಿ ಗೆಳತಿ ತಿರುವಿನಲ್ಲಿ ಮರೆಯಾಗಿದ್ದು, ತಾನು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಎಲ್ಲರೂ ನೋಡುವ ಹಾಗೆ ಓಡಿದ್ದು. ಎರಡನೆಯ ತಿರುವಿನಲ್ಲಿ ಸಿಕ್ಕಳು. ಒಬ್ಬಳೇ ಇರಲಿಲ್ಲ, ಆಫೀಸಿನವರೇ ಇನ್ನೂ ಮೂವರು ಹೋಟೆಲೊಂದರ ಬಾಗಿಲಲ್ಲಿ ಅವಳಿಗಾಗಿ ಕಾಯುತ್ತಿದ್ದರು.

ಗೆಳತಿ ತಿರುಗಿ ನೋಡಿ, ಗುರುತು ಹಿಡಿಯಲು ಒಂದು ಕ್ಷಣ ಹೆಚ್ಚೇ ತೆಗೆದುಕೊಂಡು, "ಅಯ್ಯೋ, ನೀನಾ! ಎಷ್ಟು ಸೊರಗಿದೀಯೇ!" ಎಂದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ತಿಂಗಳಿಗೊಂದ್ಸಲ ಊಟಕ್ಕೆ ಸೇರ್ತೀವಿ ಕಣೇ. ಗ್ರೂಪಲ್ಲಿ ಹಾಕ್ತೀವಲ್ಲ, ನೀನು ನೋಡೋದೇ ಇಲ್ವಾ?" ಎಂದಳು ಗೆಳತಿ.

ಅವಳು ಯಾವ ಗ್ರೂಪಿನಲ್ಲೂ ಇರಲಿಲ್ಲ. "ನೋಡ್ತೀನಿ, ಕೆಲ್ಸ ಜಾಸ್ತಿ, ಬರಕ್ಕಾಗಲ್ಲ" ಎಂದಳು.

"ಈಗ್ಲಾದ್ರೂ ಬಾ ಹಾಗಾದ್ರೆ" ಎಂದರು ಒಬ್ಬರು. ಎನ್ನುತ್ತಿದ್ದಾಗಲೇ ಅವರ ಒಂದು ಕಾಲು ಹೋಟೆಲಿನ ಒಳಗಿತ್ತು. "ಇಲ್ಲ ಇಲ್ಲ, ನಂಗೂ ಅಲ್ಲಿ ಕಾಯ್ತಿದಾರೆ" ಎಂದಳು ಅವಳು. ಹಾಗೆಂದ ಮೇಲೇ ಅವಳಿಗೆ ಸ್ವೆಟರಿನವರ ಲ್ಯಾಪ್‌ಟಾಪಿನ ನೆನಪಾದದ್ದು. ವಾಪಸು ಓಡಲಿಲ್ಲ; ಒಬ್ಬೊಬ್ಬರಾಗಿ ಸಾವಿರ ಜನ ತನ್ನನ್ನು ದಾಟಿ ಹೋಗಲಿ ಎನ್ನುವಂತೆ ಗೋಡೆಯಂಚಿನಲ್ಲೇ ನಡೆದುಕೊಂಡು ಬಂದಳು. ಅಂಗಡಿಯಲ್ಲಿ ಎರಡೂ ಲ್ಯಾಪ್‌ಟಾಪು ಇದ್ದಲ್ಲೇ ಇದ್ದವು. ಸದ್ಯ ಎಂದುಕೊಂಡು ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ಏನೂ ಕೇಳಿಸಿಕೊಳ್ಳದೆ ಪರದೆ ನೋಡುತ್ತಿದ್ದಳು. ಗಡಿಯಾರದ ಪ್ರಕಾರ ಹೋಗಿ ಬಂದದ್ದು ಹನ್ನೊಂದು ನಿಮಿಷ. ಕುರ್ಚಿಯ ಬೆನ್ನಿನ ಕಡೆ ಅವಳು ನೋಡಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಸ್ವೆಟರಿನವರು ಬಂದು, ಕುರ್ಚಿಯ ಬೆನ್ನು ಮುಟ್ಟಿ ನೋಡಿ, ಬಗ್ಗಿ ಮೇಜಿನ ಕೆಳಗೆ ನೋಡಿ, "ಮೇಡಂ, ಇಲ್ಲಿ ಯಾರಾದ್ರೂ ಬಂದಿದ್ರಾ?" ಎಂದು ಕೇಳಿದರು. ಗೆಳತಿಯ ಆ ಒಂದು ಕ್ಷಣ ಇನ್ನೂ ಅವಳ ಮುಖದ ಮೇಲೆ ಅಂಟಿಕೊಂಡಿತ್ತು. ಹೊರಗೆ ಹೋಗಿದ್ದೆನೆಂದರೆ ಎಲ್ಲಿಗೆಂದು ಕೇಳುತ್ತಾರೆ, ಯಾರ ಹಿಂದೆ ಓಡಿದಿರಿ ಎಂದು ಕೇಳುತ್ತಾರೆ, ಅವರೇನೆಂದರು ಎಂದು ಕೇಳುತ್ತಾರೆ. "ಇಲ್ವಲ್ಲ, ನಾನಿಲ್ಲೇ ಇದ್ದೆ" ಎಂದಳು. ಧ್ವನಿ ಸ್ವಲ್ಪವೂ ನಡುಗಲಿಲ್ಲ. ಅವರು ಕೌಂಟರಿಗೆ ಹೋಗಿ ಕ್ಯಾಮೆರಾ ವಿಚಾರಿಸಿದರು. "ಅದು ಅಂದಕ್ಕೆ ಸಾರ್, ಕೆಟ್ಟು ವರ್ಷ ಆಯ್ತು" ಎಂದಳು ಕೌಂಟರಿನಾಕೆ. ಆಕೆಯೂ ಆ ಹೊತ್ತಿನಲ್ಲಿ ಹಿಂದಿನ ಅಡುಗೆಮನೆಯಲ್ಲಿದ್ದಳು. ಅವರು ಅಕ್ಕನಿಗೆ ಫೋನ್ ಮಾಡಿ, "ಕಂದು ಚೀಲ ಮನೇಲೇ ಬಿಟ್ಟಿದೀನಾ ನೋಡೇ" ಎಂದರು. ಅಕ್ಕನ ಧ್ವನಿ ಅವಳಿಗೂ ಕೇಳಿಸುತ್ತಿತ್ತು. ಮನೆಯಲ್ಲಿರಲಿಲ್ಲ. ಫೋನಿಟ್ಟು ತುಂಬ ಹೊತ್ತು ಕೈಯಿಂದ ಹಣೆ ಉಜ್ಜಿಕೊಂಡ ಮೇಲೆ ಅವರು ಎಂಟು ತಿಂಗಳಲ್ಲಿ ಆಡಿರದಷ್ಟು ಮಾತಾಡಿದರು. "ದಾರೀಲೇ ಎಲ್ಲೋ ಬಿಟ್ಟಿರ್ಬೇಕು ಮೇಡಂ. ಆದ್ರೆ ಇಲ್ಲಿ ನೇತುಹಾಕಿದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅದೇ ನೋಡಿ ಭಯ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಇಪ್ಪತ್ತು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಗೆ ಹೋಗಿ ಬೆಲ್ ಮಾಡೋರು. ಬೀಗದ ಕೈ ಎಲ್ಲಿಟ್ರಿ ಅಂತ ಆ ಮನೆಯವ್ರನ್ನ ಬಯ್ಯೋರು." ಅವಳ ಕಡೆ ತಿರುಗಿ, "ಬೆಳಿಗ್ಗೆ ನಾನು ಬರುವಾಗ ಹೆಗಲ ಮೇಲೆ ಚೀಲ ಇತ್ತಾ, ನೋಡಿದ್ರಾ ನೀವು?" ಎಂದರು.

ಅವಳು ನೋಡಿದ್ದಳು. ಕುರ್ಚಿಗೆ ನೇತುಹಾಕಿದ್ದನ್ನೂ ನೋಡಿದ್ದಳು. ಒಂದು, ಎರಡು, ಮೂರು ಎಂದು ಅವಳ ತಲೆಯೊಳಗೆ ಯಾರೋ ಎಣಿಸುತ್ತಿದ್ದರು. ಆರು ದಾಟಿತು, ಏಳು, ಎಂಟು. "ನಾನು ಗಮನಿಸ್ಲಿಲ್ಲ" ಎಂದಳು. ಅವರು ತಲೆಯಾಡಿಸಿ, ಲ್ಯಾಪ್‌ಟಾಪ್ ಮುಚ್ಚಿ, ಎದ್ದು ಹೋದರು. ಹೋಗುವಾಗ ಬಾಗಿಲನ್ನು ತಳ್ಳುವುದೋ ಎಳೆಯುವುದೋ ಎಂದು ಅನುಮಾನಿಸಿದ್ದನ್ನು ಅವಳು ಕೂತಲ್ಲಿಂದಲೇ ಕಂಡಳು. ಎಂಟು ತಿಂಗಳು ದಿನವೂ ಎಳೆದ ಬಾಗಿಲು ಅದು.

ಇವತ್ತು ಹನ್ನೊಂದು ಗಂಟೆಗೆ ಅದೇ ಬಾಗಿಲು ತೆರೆದು ಮೊದಲು ಒಳಗೆ ಬಂದದ್ದು ಅಕ್ಕ. ಧ್ವನಿಯಿಂದಲೇ ಗೊತ್ತಾಯಿತು. ಸಣ್ಣ ಆಳು, ದೊಡ್ಡ ಕೈಚೀಲ. ಶಾಲೆಯ ಮೊದಲ ದಿನ ಮಗುವನ್ನು ಬಿಡಲು ಬಂದವರ ಹಾಗೆ ತಮ್ಮನ ಮೊಣಕೈ ಹಿಡಿದುಕೊಂಡಿದ್ದರು. ಸ್ವೆಟರಿನವರು ಕೂತು ಲ್ಯಾಪ್‌ಟಾಪ್ ತೆರೆದರು. ಪರದೆಯ ಅಂಚಿಗೆ ಹಳದಿ ಚೀಟಿಯೊಂದನ್ನು ಅಂಟಿಸಿಕೊಂಡಿದ್ದರು: ಫೋನು, ಕನ್ನಡಕ, ಬೀಗದ ಕೈ, ಛತ್ರಿ. ಅವರದೇ ಅಕ್ಷರ, ನಕ್ಷೆಯವರ ಒತ್ತಾದ ನೆಟ್ಟನೆಯ ಅಕ್ಷರ. ಅಕ್ಕ ಇವಳ ಮೇಜಿನ ಪಕ್ಕಕ್ಕೆ ಬಂದು, "ನೀವೇ ಅಲ್ವಾ ಇವನ ಲ್ಯಾಪ್‌ಟಾಪ್ ನೋಡ್ಕೊಳ್ಳೋರು?" ಎಂದು ದನಿ ತಗ್ಗಿಸಿದರು. "ದಿನಾ ಹೇಳ್ತಿರ್ತಾನೆ, ಪಕ್ಕದಲ್ಲೊಬ್ರು ಮೇಡಂ ಇದಾರೆ, ತುಂಬ ನಂಬಿಕಸ್ತರು ಅಂತ. ಡಾಕ್ಟ್ರು ಹತ್ರ ಹೋಗಿದ್ವಿ, ಮುಂದಿನ ವಾರ ತಲೆ ಸ್ಕ್ಯಾನು. ಈ ಕೆಲ್ಸ ಬಿಟ್ಬಿಡ್ತೀನಿ, ಪೈಪ್ ಲೆಕ್ಕ ತಪ್ಪಿದ್ರೆ ಯಾರ ಮನೆ ಗೋಡೆ ನೆನೆಯುತ್ತೋ ಅಂತಾನೆ. ಇವತ್ತು ಕಾಗದ ಬರೆದು ಕಳಿಸೋಕೇ ಬಂದಿರೋದು. ನಾನಿಲ್ಲೇ ಔಷಧಿ ಅಂಗಡಿಗೆ ಹೋಗ್ಬಿಟ್ಟು ಬರ್ತೀನಿ. ಲ್ಯಾಪ್‌ಟಾಪಿನ ಜೊತೆ ಸ್ವಲ್ಪ ಇವನ್ನೂ ನೋಡ್ಕೊಳ್ಳಿ, ಆಯ್ತಾ?"

ಅವಳು ಹೂಂ ಎಂದಳು. ಅಕ್ಕ ಹೋದರು. ಸ್ವೆಟರಿನವರು ಒಂದು ಸಾಲು ಬರೆದು ಅಳಿಸುತ್ತಿದ್ದರು, ಬರೆಯುತ್ತಿದ್ದರು. ನಂಬಿಕಸ್ತರು ಎಂಬ ಪದ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು, ಅದರ ಜೊತೆಗೇ, ಇಂಥದ್ದನ್ನು ಯೋಚಿಸಲೂ ಬಾರದು, ಒಂದು ಸಣ್ಣ ಸಂತೋಷವೂ ಇತ್ತು: ಎಲ್ಲೋ ಒಂದು ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ತನ್ನ ಮಾತು ಬಂದಿತ್ತು. ಹೇಳಿದರೆ ಅದು ಹೋಗುತ್ತದೆ. ಹೇಳದಿದ್ದರೆ ಇವರು ಕೆಲಸ ಬಿಡುತ್ತಾರೆ, ಈ ಕುರ್ಚಿಗೂ ಬರುವುದಿಲ್ಲ, ಆಗಲೂ ಹೋಗುತ್ತದೆ. ಅಂದರೆ ಉಳಿಸಿಕೊಳ್ಳಲು ಏನೂ ಇಲ್ಲದಾಗ ಮಾತ್ರ ಬಾಯಿ ಬಿಡುವವಳೇ ನಾನು? ಅವರ ಬೆರಳು ನಿಂತಿತು. ಬರೆದದ್ದನ್ನು ಮೊದಲಿನಿಂದ ತುಟಿಯಾಡಿಸುತ್ತ ಓದಿಕೊಂಡರು. ಕೈ ಮೌಸಿನ ಮೇಲೆ ಹೋಯಿತು.

"ಸೋಮವಾರ ನಾನು ಇಲ್ಲಿರ್ಲಿಲ್ಲ" ಎಂದಳು.

ಅವರು ತಿರುಗಿದರು. "ಏನು?"

"ನೀವು ಫೋನಲ್ಲಿದ್ದಾಗ ನಾನು ಆಚೆ ಹೋಗಿದ್ದೆ. ಹನ್ನೊಂದು ನಿಮಿಷ. ಇಲ್ಲಿ ಯಾರೂ ಇರ್ಲಿಲ್ಲ. ನಿಮ್ಮ ಚೀಲ ನಾನು ನೋಡಿದ್ದೆ. ಬೆಳಿಗ್ಗೆ ಹೆಗಲ ಮೇಲಿತ್ತು, ಇದೇ ಕುರ್ಚಿಗೆ ನೇತುಹಾಕಿದ್ರಿ. ನಾನು ವಾಪಸ್ ಬಂದಾಗ ನೋಡ್ಲಿಲ್ಲ. ಯಾರೋ ಎತ್ಕೊಂಡು ಹೋಗಿದಾರೆ. ನೀವು ಮರೆತಿಲ್ಲ."

ಬೈಯುತ್ತಾರೆ ಎಂದುಕೊಂಡು ಅವಳು ಕುತ್ತಿಗೆ ಬಗ್ಗಿಸಿದ್ದಳು. ತಲೆಯೆತ್ತಿದರೆ ಅವರ ಮುಖದಲ್ಲಿ ನಗು ಹಬ್ಬುತ್ತಿತ್ತು, ಮೊದಲು ಕಣ್ಣಿನಲ್ಲಿ, ಆಮೇಲೆ ಬಾಯಿಯಲ್ಲಿ, ಆಮೇಲೆ ಭುಜಗಳೂ ಕುಣಿಯತೊಡಗಿದವು. ಅವರು ಫೋನ್ ತೆಗೆದು, ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, "ಅಕ್ಕಾ, ಕಳುವಾಗಿದೆ ಕಣೇ! ಚೀಲ ಕಳುವಾಗಿದೆ! ನಾನು ತಂದಿದ್ದೆ, ಇಲ್ಲೇ ಹಾಕಿದ್ದೆ, ಕಳ್ಳ ಹೊಡ್ಕೊಂಡು ಹೋಗಿದಾನೆ!" ಎಂದು ಕೂಗಿದರು. ತನ್ನ ವಸ್ತು ಕಳುವಾಯಿತೆಂದು ಇಷ್ಟು ಸಂತೋಷಪಟ್ಟವರನ್ನು ಅವಳು ಕಂಡಿರಲಿಲ್ಲ. ಕೌಂಟರಿನಾಕೆ ಹಾಲಿನ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟಳು. ಎರಡು ತಿಂಗಳ ಅಳತೆ ಹೋಗಿತ್ತು, ಮತ್ತೆ ಎಲ್ಲ ಕಟ್ಟಡಗಳಿಗೂ ಅಲೆಯಬೇಕಿತ್ತು, ಅದರ ಗೊಡವೆಯೇ ಅವರಿಗಿರಲಿಲ್ಲ. ಬರೆದ ಕಾಗದವನ್ನು ಅಳಿಸಿದರು. ಹಳದಿ ಚೀಟಿ ಕಿತ್ತು, ಉಂಡೆ ಮಾಡಿ, ಕಾಫಿ ಕಪ್ಪಿನೊಳಗೆ ಹಾಕಿದರು. "ಥ್ಯಾಂಕ್ಸ್ ಮೇಡಂ" ಎಂದರು. "ತುಂಬಾ ಥ್ಯಾಂಕ್ಸ್." ಅವಳಿಗೂ ನಗು ಬಂತು, ಕಣ್ಣು ತುಂಬಿತು. ಎಲ್ಲ ಸರಿಹೋಯಿತು ಎಂದೇ ಒಂದು ಗಳಿಗೆ ನಂಬಿದಳು.

ನಗು ಇಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅವರು ಪರದೆಯನ್ನೇ ನೋಡುತ್ತ, "ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದರು. ಕೋಪವಿರಲಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟವರ ಆಯಾಸವಷ್ಟೇ ಇತ್ತು.

"ಎಲ್ಲಿಗೆ ಹೋಗಿದ್ರಿ ಅಂತ ಕೇಳ್ತೀರಿ ಅನ್ನಿಸ್ತು."

ಅವರು ಅವಳನ್ನು ನೋಡಿದರು. ಅರ್ಥ ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. "ನಾನ್ಯಾಕೆ ಕೇಳ್ತಿದ್ದೆ ಮೇಡಂ?" ಎಂದರು.

ಹೌದು, ಅವರು ಯಾಕೆ ಕೇಳುತ್ತಿದ್ದರು? ಅವಳು ಎಲ್ಲಿಗೆ ಹೋದಳು, ಯಾರ ಹಿಂದೆ ಓಡಿದಳು, ಯಾರು ಅವಳನ್ನು ಗುರುತು ಹಿಡಿಯಲು ತಡಮಾಡಿದರು, ಇದನ್ನು ಕೇಳಬೇಕಾದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಹೆದರಿ ಅವಳು ಒಬ್ಬರ ತಲೆಯನ್ನೇ ಕೆಡಿಸಲು ಹೊರಟಿದ್ದಳು. ಅಕ್ಕ ಬಂದರು. ಇವಳ ಕಡೆ ಒಮ್ಮೆ ನೋಡಿದರು, ಏನೋ ಅನ್ನಲು ಹೊರಟು, ಬಿಟ್ಟು, ತಮ್ಮನ ಬೆನ್ನು ಸವರಿ, ಕಣ್ಣೊರೆಸಿಕೊಂಡು ಹೋದರು. ಅಂಗಡಿ ಮತ್ತೆ ಎಂದಿನ ಹಾಗಾಯಿತು. ಸ್ವೆಟರಿನವರು ನಕ್ಷೆ ತೆರೆದು ಕೆಲಸಕ್ಕೆ ಕೂತರು, ಒಂದೆರಡು ಸಲ ತಮ್ಮಷ್ಟಕ್ಕೆ ಶಿಳ್ಳೆ ಹಾಕಿದರು. ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಕರೆ ಕೇಳಿದಳು. ಯಾರದೋ ಫ್ರಿಜ್ಜು ನೀರು ಸುರಿಸುತ್ತಿತ್ತು. ಫೋನೆತ್ತಿದ ಹೆಣ್ಣು ಧ್ವನಿ, "ನೋಡ್ತಿದೀನಿ ಸಾರ್, ಲೈನಲ್ಲೇ ಇರಿ" ಎನ್ನುತ್ತಿತ್ತು. ನೋಡುತ್ತಿರಲಿಲ್ಲ. ಸೊನ್ನೆ ಹಾಕಲು ಕೈ ಬರಲಿಲ್ಲ, ಹಾಕದೆ ಬಿಡಲೂ ಆಗದೆ ಆ ಕರೆಯನ್ನು ಹಾಗೇ ನಿಲ್ಲಿಸಿಟ್ಟಳು.

ಒಂದು ಗಂಟೆಯ ಹೊತ್ತಿಗೆ ಸ್ವೆಟರಿನವರು ಎದ್ದು ನಿಂತರು. ದಿನವೂ ಅವರು ಏಳುವ ಹೊತ್ತು. ಅವಳು ಇಯರ್‌ಫೋನ್ ಕಿತ್ತಿಟ್ಟಳು. ಅಭ್ಯಾಸಬಲದಿಂದ ಅವರೂ ಅವಳ ಕಡೆಗೇ ತಿರುಗಿದರು, ಬಾಯಿಯೂ ತೆರೆಯಿತು, ಹೂಂ ಎನ್ನಲು ಅವಳ ಕತ್ತು ಅರ್ಧ ಆಡಿಯೂ ಆಗಿತ್ತು. ಅವರು ಸ್ವಲ್ಪ ಮುಜುಗರದಿಂದ ನಕ್ಕರು. ನಕ್ಕು, ಅವಳನ್ನು ದಾಟಿ, ಆಚೆಯ ಮೇಜಿನಲ್ಲಿ ಪೇಪರ್ ಓದುತ್ತ ಕೂತಿದ್ದ ಬೋಳುತಲೆಯವರ ಬಳಿಗೆ ಹೋಗಿ, "ಸಾರ್, ಒಂದ್ನಿಮಿಷ ನೋಡ್ಕೊಳ್ತೀರಾ?" ಎಂದು ಕೇಳಿದರು. ಬೋಳುತಲೆಯವರು ಪೇಪರಿನಿಂದ ಕಣ್ಣೆತ್ತದೆ ಹೂಂ ಎಂದರು.

ಟಾಯ್ಲೆಟ್ಟಿನ ಬಾಗಿಲು ಮುಚ್ಚಿಕೊಂಡಿತು. ಬೋಳುತಲೆಯವರು ಪುಟ ತಿರುವಿದರು, ಇನ್ನೊಂದು ಪುಟ ತಿರುವಿದರು, ಒಂದು ಸಲವೂ ಈ ಕಡೆ ನೋಡಲಿಲ್ಲ. ಇಬ್ಬರು ಗಿರಾಕಿಗಳು ಒಳಗೆ ಬಂದು ಆ ಕುರ್ಚಿಗೆ ಒರಗಿದ ಹಾಗೆ ದಾಟಿ ಹೋದರು. ಅವಳು ನೆಟ್ಟಗೆ ಕೂತು, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು, ಆ ಲ್ಯಾಪ್‌ಟಾಪಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಸ್ವೆಟರಿನವರು ಕೈ ಒರೆಸಿಕೊಳ್ಳುತ್ತ ಬಂದು, ಬೋಳುತಲೆಯವರಿಗೆ ಥ್ಯಾಂಕ್ಸ್ ಹೇಳಿ, ಕೂತರು.